ಬಿಲ್ಲೆಯ ಬೆನ್ನು ಹತ್ತಿ

ಒಡವೆ ಎಂದೊಡನೆ ನಮ್ಮ ಮನಸ್ಸು ಚಿನ್ನದ ಕಡೆಗೆ ಹರಿಯುತ್ತದೆ. ಆದರೆ ಮನುಷ್ಯನು ಚಿನ್ನವನ್ನು ಕಾಣುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಚಿಪ್ಪು, ಮೂಳೆ, ಬಣ್ಣದ ಕಲ್ಲುಗಳಿಂದ ತನ್ನನ್ನು ಸಿಂಗರಿಸಿಕೊಂಡಿದ್ದನು. ಮಣ್ಣನ್ನು ಸುಡುವುದನ್ನು ಕಲಿತ ಮೇಲೆ ಮಣ್ಣೂ ಒಡವೆಯಾಯಿತು. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊಗಳ ನೆಲವನ್ನು ಅಗೆದಾಗ ಸುಟ್ಟ ಮಣ್ಣಿನ ಬಳೆಯ ಚೂರುಗಳು ರಾಶಿ ರಾಶಿಯಾಗಿ ದೊರೆತವು. ಮಣ್ಣಿನ ಒಡವೆಗೆ ಕಳ್ಳರ ಭಯವಿಲ್ಲ. ಕೈಜಾರಿದರೆ ಒಡೆದೀತೆಂಬ ಭಯವೊಂದೇ. ಅಂತಹ ಒಂದು ಒಡವೆಯನ್ನು ಪತ್ರಿಕೆಯ ಪುಟದಲ್ಲಿ ಅರೆಗಳಿಗೆ ಕಂಡು, ಅದರ ಬೆನ್ನು ಹತ್ತಿ ಎರಡು ತಿಂಗಳು ಅಲೆದ ಉಪಾಧ್ಯಾಯಿನಿಯೊಬ್ಬರ ವೃತ್ತಾಂತವಿದು.

ಆಕೆ ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದವರು. ಮಗನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿದ್ದನು. ಸೊಸೆಯ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದ ಆಕೆಗೆ ಬಾಣಂತನ ಮುಗಿಯುವ ಹೊತ್ತಿಗೆ ಹಲ್ಲುನೋವು ಹತ್ತಿಕೊಂಡಿತು. ದಂತವೈದ್ಯರ ಕೋಣೆಯ ಹೊರಗೆ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ ಮೇಜಿನ ಮೇಲಿದ್ದ ಹಳೆಯ ಸಚಿತ್ರ ಮಾಸಪತ್ರಿಕೆಯನ್ನು ತಿರುವಿಹಾಕಿದರು. ಒಂದು ಪುಟದ ಮೂಲೆಯಲ್ಲಿ ಪುರಾತನ ಕಡಗವೊಂದರ ಚಿತ್ರವಿತ್ತು. ಕಡಗದ ನಡುವೆ ಮೊಟ್ಟೆಯಾಕಾರದ ಚಿಕ್ಕ ಬಿಲ್ಲೆ. ಬಿಲ್ಲೆಯ ನೆಲ ಕೆನೆಯ ಬಿಳುಪು. ಅದರ ಮೇಲೆ ಉಬ್ಬಿ ನಿಂತ ಕಪ್ಪು ಮನುಷ್ಯಾಕೃತಿ. ಒಂದು ಮಂಡಿಯನ್ನು ನೆಲಕ್ಕೂರಿ, ಜೋಡಿಸಿದ ಕೈಗಳನ್ನು ಮೇಲೆತ್ತಿ, ಮುಖವನ್ನು ಆಕಾಶದ ಕಡೆಗೆ ತಿರುಗಿಸಿದ ಆಕೃತಿ ಅದು. ನಮ್ಮ ದೇವಾಲಯಗಳ ಕಂಬಗಳ ಮೇಲೆ ಕಾಣುವ ಕೈಮುಗಿದ ಭಕ್ತನಂತೆ ಅದು ಆಕೆಗೆ ತೋರಿತು. ಅಂಚಿನಲ್ಲಿ ಸುತ್ತಲೂ ಏನೋ ಅಕ್ಷರಗಳಿದ್ದವು. ಅವನ್ನು ಓದಲೆಂದು ಕನ್ನಡಕವನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಕರೆ ಬಂದಿತು. ಅರ್ಧ ಗಂಟೆಯ ಮೇಲೆ ಕೆನ್ನೆಯನ್ನು ಹಿಡಿದುಕೊಂಡು ಹೊರಗೆ ಬಂದಾಗ ಪತ್ರಿಕೆ ಮೇಜಿನ ಮೇಲಿರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ಪತ್ರಿಕೆಯ ಹೆಸರನ್ನು ನೋಡಿಕೊಳ್ಳಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ಚಿತ್ರಕಲೆಯನ್ನು ಕಲಿಸಿದ ಕೈ ಸುಮ್ಮನಿರಲಿಲ್ಲ. ಅಂದು ಸಂಜೆಯೇ ಆಕೆ ಕಂಡುದನ್ನು ಕಂಡಷ್ಟು ಒಂದು ಕಾಗದದ ಮೇಲೆ ಬರೆದಿಟ್ಟರು. ಮಗ ಅದನ್ನು ನೋಡಿ, “ಅಮ್ಮಾ, ಇದರ ಹೆಸರು ಹೇಳು, ಒಂದು ನಿಮಿಷದಲ್ಲಿ ಅಂತರಜಾಲದಲ್ಲಿ ಹುಡುಕಿ ಕೊಡುತ್ತೇನೆ” ಎಂದನು. ಹೆಸರು ಗೊತ್ತಿದ್ದರೆ ಹುಡುಕುವ ಕಷ್ಟವಾದರೂ ಏಕೆ? ಬಿಳಿಯ ಬಿಲ್ಲೆ, ಕರಿಯ ಆಕೃತಿ, ಹಳೆಯ ಕಡಗ ಎಂದು ಕೇಳಿದುದಕ್ಕೆ ಯಂತ್ರವು ಸಾವಿರಾರು ಚಿತ್ರಗಳನ್ನು ತಂದು ಸುರಿಯಿತು. ಚಿಪ್ಪಿನಲ್ಲಿ ಕೆತ್ತಿದ ರಾಣಿಯರ ಮುಖಗಳು, ಗುಲಾಬಿ ಹೂಗಳು, ರೆಕ್ಕೆಯ ಕಿನ್ನರಿಯರು ಅದರಲ್ಲಿದ್ದರು. ಮಂಡಿಯೂರಿದವನು ಮಾತ್ರ ಇರಲಿಲ್ಲ. ಎಲ್ಲವನ್ನೂ ಬಲ್ಲ ಯಂತ್ರವೂ ಕೇಳುವವರ ಮಾತಿನ ಗಡಿಯನ್ನು ದಾಟಿ ಹೋಗಲಾರದಷ್ಟೆ. ಮಗನಿಗೆ ಕಚೇರಿಯ ಕೆಲಸ. ಅವನು ಅಲ್ಲಿಗೆ ಬಿಟ್ಟನು. ತಾಯಿ ಬಿಡಲಿಲ್ಲ.

ಆಕೆ ಇದ್ದ ಊರು ಇಂತಹ ಶೋಧಕ್ಕೆ ತಕ್ಕುದಾಗಿಯೇ ಇತ್ತು. ಬರ್ಮಿಂಗ್‌ಹ್ಯಾಮಿನ ಒಂದು ಭಾಗಕ್ಕೆ ಒಡವೆಯ ಪೇಟೆಯೆಂದೇ ಹೆಸರು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅಲ್ಲಿ ಅಕ್ಕಸಾಲಿಗರ ಕಾರ್ಖಾನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. 1773ರಲ್ಲಿ ಈ ಊರಿಗೆ ಬೆಳ್ಳಿಯ ಸಾಚಾತನವನ್ನು ಪರೀಕ್ಷಿಸಿ ಮುದ್ರೆಯೊತ್ತುವ ಅಧಿಕಾರ ದೊರೆಯಿತು. ಆ ಮುದ್ರೆ ಹಡಗಿನ ಲಂಗರು! ಸಮುದ್ರದಿಂದ ಬಹುದೂರದಲ್ಲಿರುವ ಊರಿಗೆ ಲಂಗರಿನ ಗುರುತು ಹೇಗೆ ಬಂದಿತೋ ಎಂದು ನಗು ಬರುತ್ತದೆ. ಆದರೆ ಈ ಊರಿನ ಸರಕುಗಳು ಹಡಗನ್ನೇರಿ ಎಲ್ಲಿಗೆಲ್ಲ ಹೋಗುತ್ತಿದ್ದವೆಂಬುದು ಆಕೆಗೆ ಮುಂದೆ ತಿಳಿಯಲಿತ್ತು.

ಮೂರು ಅಂಗಡಿಗಳವರು ಕಾಗದವನ್ನು ನೋಡಿ ತಲೆಯಾಡಿಸಿದರು. ನಾಲ್ಕನೆಯದು ಹಳೆಯ ಒಡವೆಗಳನ್ನು ಮಾರುವ ಕಿರಿದಾದ ಅಂಗಡಿ. ಅದರ ಯಜಮಾನ ವೃದ್ಧನು. ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ಹೊಳಪಿತ್ತೇ? ನೆನಪು ಮಾಡಿಕೊಳ್ಳಿ” ಎಂದನು.

ಆಕೆ ಕಣ್ಣು ಮುಚ್ಚಿಕೊಂಡು ನೆನೆದರು. ಹೊಳಪಿರಲಿಲ್ಲ. ರಂಗೋಲಿಯ ಹಿಟ್ಟಿನಂತೆ ಒಣಗಿದ ಬಿಳುಪು ಅದು.

“ಹಾಗಾದರೆ ನೀವು ಹುಡುಕಬೇಕಾದುದು ಚಿಪ್ಪಿನಲ್ಲಿ ಅಲ್ಲ, ಮಣ್ಣಿನಲ್ಲಿ. ಚಿಪ್ಪಿನ ಕೆಲಸದಲ್ಲಿ ಬೇಡವಾದುದನ್ನು ಕೆತ್ತಿ ತೆಗೆಯುತ್ತಾರೆ. ಇದರಲ್ಲಿ ಬೇಕಾದುದನ್ನು ತಂದು ಕೂಡಿಸುತ್ತಾರೆ” ಎಂದು ಹೇಳಿ ಅವನು ಗಾಜಿನ ಪೆಟ್ಟಿಗೆಯಿಂದ ನೀಲಿಯ ನೆಲದ ಮೇಲೆ ಬಿಳಿಯ ಆಕೃತಿಯಿದ್ದ ಒಂದು ಬಿಲ್ಲೆಯನ್ನು ತೆಗೆದು ಆಕೆಯ ಅಂಗೈಯ ಮೇಲಿಟ್ಟನು. ಮುಟ್ಟಿದರೆ ನುಣುಪಾದ ಕಲ್ಲಿನಂತೆ ತಣ್ಣಗಿತ್ತು. “ಇದನ್ನು ಜಾಸ್ಪರ್ ಎನ್ನುತ್ತಾರೆ. ಮಾಡಿದವನು ವೆಜ್‌ವುಡ್. ಇದಕ್ಕೆ ಉಕ್ಕಿನ ಕಟ್ಟನ್ನು ಹಾಕಿದವರು ನಮ್ಮ ಊರಿನವರು. ಆದರೆ ನೀವು ಬರೆದಿರುವ ಕಪ್ಪು ಆಕೃತಿ ಅಂಗಡಿಗೆ ಬರುವ ಸರಕಲ್ಲ. ಅದನ್ನು ಪುಸ್ತಕದಲ್ಲಿ ನೋಡಬೇಕು” ಎಂದು ಅವನು ಗ್ರಂಥಾಲಯದ ದಾರಿಯನ್ನು ತೋರಿಸಿದನು.

ಜೋಸೈಯಾ ವೆಜ್‌ವುಡ್‌ನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್ ಸೀಮೆಯ ಕುಂಬಾರರ ಮನೆತನದಲ್ಲಿ 1730ರಲ್ಲಿ ಹುಟ್ಟಿದವನು ಅವನು. ಬಾಲ್ಯದಲ್ಲಿ ಸಿಡುಬು ಬಡಿದು ಅವನ ಬಲಗಾಲಿನ ಮಂಡಿ ಕೆಟ್ಟಿತು. 1768ರಲ್ಲಿ ಆ ಕಾಲನ್ನು ಕತ್ತರಿಸಬೇಕಾಯಿತು. ಅರಿವಳಿಕೆಯ ಔಷಧ ಇನ್ನೂ ಇಲ್ಲದ ಕಾಲವದು. ಮರುವರ್ಷವೇ ಮರದ ಕಾಲಿನ ಈ ಕುಂಬಾರನು ಎಟ್ರೂರಿಯಾ ಎಂಬ ಹೆಸರಿನ ದೊಡ್ಡ ಕಾರ್ಖಾನೆಯನ್ನು ತೆರೆದನು. ಮಣ್ಣನ್ನು ಅವನು ವಿಜ್ಞಾನಿಯ ಕಣ್ಣಿನಿಂದ ನೋಡಿದನು. ಸಾವಿರಾರು ತುಣುಕುಗಳನ್ನು ಸುಟ್ಟು, ಪ್ರತಿಯೊಂದಕ್ಕೂ ಅಂಕಿ ಹಾಕಿ, ಬೇರಿಯಂ ಸಲ್ಫೇಟ್ ಎಂಬ ಖನಿಜವನ್ನು ಬೆರೆಸಿದರೆ ಅಮೃತಶಿಲೆಯಂತಹ ಮಣ್ಣು ದೊರೆಯುವುದೆಂದು 1770ರ ದಶಕದ ನಡುವೆ ಕಂಡುಕೊಂಡನು. ಅದೇ ಜಾಸ್ಪರ್. ಅದಕ್ಕೆ ಮೇಲೆ ಗಾಜಿನ ಲೇಪ ಬೇಕಿಲ್ಲ. ಲೋಹದ ಭಸ್ಮಗಳನ್ನು ಸೇರಿಸಿದರೆ ಮೈಯೊಳಗೇ ಬಣ್ಣ ಹಿಡಿಯುತ್ತದೆ. ಆಕೃತಿಯನ್ನು ಅಚ್ಚಿನಲ್ಲಿ ಒತ್ತಿ, ಹುಷಾರಾಗಿ ಎಬ್ಬಿಸಿ, ಬೆನ್ನಿಗೆ ನೀರು ಸವರಿ, ಬೇರೆ ಬಣ್ಣದ ಬಿಲ್ಲೆಯ ಮೇಲೆ ಕೂರಿಸಿ ಆವಿಗೆಗೆ ಇಡುತ್ತಿದ್ದರು. ಬೆಂಕಿಯಲ್ಲಿ ಮಣ್ಣು ಕುಗ್ಗುತ್ತದೆ. ಎರಡು ಬಣ್ಣದ ಮಣ್ಣು ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಆಕೃತಿ ಬಿರಿದು ಕಳಚಿಕೊಳ್ಳುತ್ತದೆ. ಮಣ್ಣು ಕುಗ್ಗುವ ಲೆಕ್ಕವನ್ನೇ ಹಿಡಿದು ಆವಿಗೆಯ ತಾಪವನ್ನು ಅಳೆಯುವ ಸಾಧನವನ್ನು ಕೂಡ ಅವನು ರಚಿಸಿದನು. ಅದಕ್ಕಾಗಿ 1783ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು.

ಅಚ್ಚಿನ ವಿಷಯವನ್ನು ಓದಿದಾಗ ಉಪಾಧ್ಯಾಯಿನಿಗೆ ಅಪರಿಚಿತವಾದುದೇನೂ ಇದ್ದಂತೆ ತೋರಲಿಲ್ಲ. ಸಂಕ್ರಾಂತಿಗೆ ಮೊದಲು ನಮ್ಮ ಮನೆಗಳಲ್ಲಿ ಮರದ ಅಚ್ಚುಗಳನ್ನು ನೆನೆಹಾಕಿ, ಪಾಕವನ್ನು ಹೊಯ್ದು, ಆನೆ, ಗಿಳಿ, ಬೃಂದಾವನಗಳನ್ನು ಮುರಿಯದಂತೆ ಬಿಡಿಸಿ ತೆಗೆಯುವ ಸಕ್ಕರೆ ಅಚ್ಚಿನ ಕೆಲಸವನ್ನು ಆಕೆ ಎಳೆತನದಿಂದಲೂ ಮಾಡಿದವರು. ಬಿಸಿ ಹೆಚ್ಚಿದ್ದರೆ ಆನೆಯ ಸೊಂಡಿಲು ಮುರಿಯುತ್ತದೆ, ಆರಿದರೆ ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಸಕ್ಕರೆಗೂ ಈ ಬಿಲ್ಲೆಗೂ ಅಚ್ಚಿನದಕ್ಕಿಂತ ಗಾಢವಾದ ನಂಟಿದೆಯೆಂದು ಆಗ ಆಕೆಗೆ ತಿಳಿದಿರಲಿಲ್ಲ.

ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯ 2013ರಲ್ಲಿ ತೆರೆದ ಭವ್ಯವಾದ ಕಟ್ಟಡ. ಅಲ್ಲಿನ ಸಹಾಯಕಿ ಚಿಕ್ಕ ವಯಸ್ಸಿನವಳು. ಕಾಗದವನ್ನು ನೋಡಿದೊಡನೆ ಅವಳ ಮುಖ ಗಂಭೀರವಾಯಿತು. ಏನನ್ನೂ ಹೇಳದೆ ಒಳಗೆ ಹೋಗಿ, ದಪ್ಪನಾದ ಪುಸ್ತಕವೊಂದನ್ನು ತಂದು, ಪುಟ ತೆರೆದು ಮುಂದಿಟ್ಟಳು. ಅದೇ ಬಿಲ್ಲೆ! ಈ ಬಾರಿ ಪುಟದ ತುಂಬ ಇತ್ತು. ದೊಡ್ಡದಾಗಿ ನೋಡಿದಾಗ ಅಂದು ಕಾಣದಿದ್ದುದು ಕಂಡಿತು. ಜೋಡಿಸಿದ್ದ ಕೈಗಳ ಮಣಿಕಟ್ಟಿನಲ್ಲಿ ಬೇಡಿಯಿತ್ತು. ಅಲ್ಲಿಂದ ಇಳಿಬಿದ್ದ ಸರಪಳಿ ಕಾಲಿನ ಬೇಡಿಯವರೆಗೆ ಹೋಗಿತ್ತು. ಅಂಚಿನ ಅಕ್ಷರಗಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದವು: “ನಾನು ಮನುಷ್ಯನಲ್ಲವೇ? ನಿಮ್ಮ ಸೋದರನಲ್ಲವೇ?”

ಕೈಮುಗಿದವನು ಭಕ್ತನಲ್ಲ, ಮಾರಲ್ಪಟ್ಟ ಮನುಷ್ಯನು.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಯೂರೋಪಿನವರು ಆಫ್ರಿಕದಿಂದ ಸುಮಾರು 1 ಕೋಟಿ 25 ಲಕ್ಷ ಮಂದಿಯನ್ನು ಹಡಗುಗಳಲ್ಲಿ ತುಂಬಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಿದರು. ಅವರಲ್ಲಿ 18 ಲಕ್ಷದಷ್ಟು ಜನ ಹಾದಿಯಲ್ಲೇ ಸತ್ತು ಸಮುದ್ರದ ಪಾಲಾದರು. ವ್ಯಾಪಾರದ ಚಕ್ರ ಸರಳವಾದುದು. ಇಂಗ್ಲೆಂಡಿನಿಂದ ಬಂದೂಕು, ಬಟ್ಟೆ, ಲೋಹದ ಸಾಮಾನುಗಳು ಆಫ್ರಿಕಕ್ಕೆ ಹೋಗುತ್ತಿದ್ದವು. ಅಲ್ಲಿಂದ ಮನುಷ್ಯರು ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋಗುತ್ತಿದ್ದರು. ಅಲ್ಲಿಂದ ಸಕ್ಕರೆ ಇಂಗ್ಲೆಂಡಿನ ಚಹದ ಬಟ್ಟಲಿಗೆ ಬರುತ್ತಿತ್ತು. ಆ ಬಂದೂಕುಗಳಲ್ಲಿ ಬಹುಪಾಲು ತಯಾರಾದುದು ಬರ್ಮಿಂಗ್‌ಹ್ಯಾಮಿನಲ್ಲಿ. ಒಡವೆಗೆ ಉಕ್ಕಿನ ನಯವಾದ ಕಟ್ಟನ್ನು ಹಾಕುತ್ತಿದ್ದ ಊರಿನ ಕುಲುಮೆಗಳಲ್ಲೇ ಬಂದೂಕಿನ ನಳಿಗೆಗಳೂ ತಯಾರಾಗುತ್ತಿದ್ದವು.

1787ರ ಮೇ 22ರಂದು ಹನ್ನೆರಡು ಮಂದಿ ಲಂಡನ್ನಿನ ಮುದ್ರಣಾಲಯವೊಂದರಲ್ಲಿ ಸೇರಿ ಈ ವ್ಯಾಪಾರವನ್ನು ನಿಲ್ಲಿಸಲು ಒಂದು ಸಂಘವನ್ನು ಕಟ್ಟಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು. ಥಾಮಸ್ ಕ್ಲಾರ್ಕ್‌ಸನ್, ಗ್ರ್ಯಾನ್‌ವಿಲ್ ಷಾರ್ಪ್ ಎಂಬವರು ಅವರ ಜೊತೆಗಿದ್ದರು. ಅದೇ ವರ್ಷ ವೆಜ್‌ವುಡ್ ಕೂಡ ಆ ಸಮಿತಿಯನ್ನು ಸೇರಿದನು. ಸಂಘದ ಮುದ್ರೆಗಾಗಿ ಬರೆಸಿದ್ದ ಮಂಡಿಯೂರಿದ ಮನುಷ್ಯನ ಚಿತ್ರವನ್ನು ಅವನು ಜಾಸ್ಪರ್ ಮಣ್ಣಿನಲ್ಲಿ ಮೂಡಿಸಿದನು. ಅವನ ಕಾರ್ಖಾನೆಯ ವಿಲಿಯಂ ಹ್ಯಾಕ್‌ವುಡ್ ಎಂಬ ನುರಿತ ಕುಶಲಕರ್ಮಿ ಅದಕ್ಕೆ ರೂಪು ಕೊಟ್ಟನೆಂದು ಹೇಳುತ್ತಾರೆ. ಬಿಲ್ಲೆಗಳನ್ನು ವೆಜ್‌ವುಡ್ ಮಾರಲಿಲ್ಲ. ಖರ್ಚನ್ನು ತಾನೇ ಹೊತ್ತು ಹಂಚಿದನು. 1788ರಲ್ಲಿ ಒಂದು ಕಟ್ಟು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರಿಗೂ ಹೋಯಿತು. ಚೆನ್ನಾಗಿ ಬರೆದ ಕರಪತ್ರವೊಂದು ಮಾಡುವಷ್ಟು ಕೆಲಸವನ್ನು ಇದೂ ಮಾಡಬಲ್ಲುದೆಂಬ ಅರ್ಥದಲ್ಲಿ ಅವರು ಉತ್ತರ ಬರೆದರು.

ಹಂಚಿದ ಬಿಲ್ಲೆ ಒಡವೆಯಾದ ಬಗೆ ಇನ್ನೂ ಸ್ವಾರಸ್ಯವಾದುದು. ಗಂಡಸರು ಅದನ್ನು ಚಿನ್ನದ ಕಟ್ಟಿನೊಡನೆ ನಶ್ಯದ ಡಬ್ಬಿಯ ಮುಚ್ಚಳಕ್ಕೆ ಕೂರಿಸಿಕೊಂಡರು. ಹೆಂಗಸರು ಕಡಗದಲ್ಲಿ ಕಟ್ಟಿಸಿಕೊಂಡರು, ಮುಡಿಯ ಸೂಜಿಗೆ ಹಾಕಿಸಿಕೊಂಡರು. ಕೊನೆಗೆ ಅದೊಂದು ಹೊಸ ಷೋಕಿಯಾಗಿ ಹರಡಿತು. ಸಾಮಾನ್ಯವಾಗಿ ಕೆಲಸಕ್ಕೆ ಬಾರದ ವಸ್ತುಗಳ ಹಿಂದೆ ಓಡುವ ಷೋಕಿಯು ಈ ಒಂದು ಬಾರಿ ನ್ಯಾಯದ ಪಕ್ಷವನ್ನು ವಹಿಸಿತೆಂದು ಕ್ಲಾರ್ಕ್‌ಸನ್ ಮುಂದೆ 1808ರಲ್ಲಿ ಬರೆದ ಚರಿತ್ರೆಯಲ್ಲಿ ಸಂತೋಷಪಟ್ಟಿದ್ದಾನೆ.

ಇದನ್ನು ಓದಿ ಕೆಲವರು ಮೂಗು ಮುರಿಯಬಹುದು. ಒಬ್ಬನ ಸಂಕಟವನ್ನು ಇನ್ನೊಬ್ಬರು ಸಿಂಗಾರವಾಗಿ ಧರಿಸುವುದೆಂದರೇನು? ಬೇಡಿ ತೊಟ್ಟವನನ್ನು ರೇಷ್ಮೆ ಉಟ್ಟವರು ಮುಡಿದುಕೊಂಡು ಔತಣಕ್ಕೆ ಹೋಗುವುದು ಎಷ್ಟರ ಮಟ್ಟಿಗೆ ಸರಿ? ಉಪಾಧ್ಯಾಯಿನಿಯ ಮನಸ್ಸಿನಲ್ಲಿಯೂ ಈ ಪ್ರಶ್ನೆ ಎದ್ದಿತು. ಅಂತಹದೊಂದನ್ನು ಹೇಗಾದರೂ ಕೊಂಡುಕೊಳ್ಳಬೇಕೆಂದು ಹೊರಟಿದ್ದ ಆಕೆಗೆ ಆ ಆಸೆಯೇ ಮುಜುಗರವನ್ನು ತಂದಿತು. ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಆ ಕಾಲದ ಇಂಗ್ಲೆಂಡಿನ ಹೆಂಗಸಿಗೆ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿರಲಿಲ್ಲ, ಸಭೆಯಲ್ಲಿ ಎದ್ದು ಮಾತನಾಡುವ ರೂಢಿಯೂ ಇರಲಿಲ್ಲ. ಅವಳಿಗೆ ಇದ್ದುದು ತನ್ನ ಉಡುಗೆ ತೊಡುಗೆ, ತನ್ನ ಊಟದ ಮೇಜು. ಕೈಯ ಕಡಗವನ್ನು ಕಂಡು ಅತಿಥಿಯೊಬ್ಬನು “ಇದೇನು?” ಎಂದು ಕೇಳಿದರೆ, ಅವನಿಗೆ ಉತ್ತರ ಹೇಳುವ ಅಧಿಕಾರ ಅವಳಿಗೆ ತಾನಾಗಿಯೇ ಬರುತ್ತಿತ್ತು. ಒಡವೆಯು ಅವಳ ಬಾಯಾಯಿತು.

ಆ ಬಾಯಿ ಮುಂದೆ ಗಟ್ಟಿಯಾಗಿ ಮಾತನಾಡಲೂ ಕಲಿಯಿತು. 1825ರಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದೇಶದ ಹೆಂಗಸರು ತಮ್ಮದೇ ಸಂಘವನ್ನು ಕಟ್ಟಿದರು. ಕೈಚೀಲಗಳನ್ನು ಹೊಲಿದು, ಅವುಗಳಲ್ಲಿ ಕರಪತ್ರಗಳನ್ನಿಟ್ಟು ಮನೆ ಮನೆಗೆ ಹಂಚಿದರು. ಬಿಲ್ಲೆಯ ಮೇಲೆ ಹೆಣ್ಣಿನ ಆಕೃತಿಯನ್ನು ಕೂರಿಸಿ, “ನಾನು ಹೆಣ್ಣಲ್ಲವೇ? ನಿಮ್ಮ ಸೋದರಿಯಲ್ಲವೇ?” ಎಂದು ಬರೆಸಿದರು. ಗುಲಾಮಗಿರಿಯನ್ನು ಮೆಲ್ಲಮೆಲ್ಲನೆ ತೆಗೆಯೋಣವೆಂದು ಗಂಡಸರ ಸಂಘವು ಹೇಳುತ್ತಿದ್ದಾಗ, ಲೆಸ್ಟರಿನ ಎಲಿಜಬೆತ್ ಹೇರಿಕ್ ಎಂಬಾಕೆ 1824ರಲ್ಲಿಯೇ, ಮೆಲ್ಲನೆ ಅಲ್ಲ, ಈಗಲೇ ತೆಗೆಯಬೇಕೆಂದು ಪುಸ್ತಿಕೆಯೊಂದನ್ನು ಬರೆದು ಕೋಲಾಹಲವನ್ನು ಎಬ್ಬಿಸಿದ್ದಳು. 1830ರಲ್ಲಿ ಬರ್ಮಿಂಗ್‌ಹ್ಯಾಮಿನ ಹೆಂಗಸರು, ಮೆಲ್ಲನೆ ಎಂಬ ಮಾತನ್ನು ಕೈಬಿಡದಿದ್ದರೆ ಹಣ ಕೊಡುವುದಿಲ್ಲವೆಂದು ಹೇಳಿದರು. ಆ ಮಾತನ್ನು ಕೈಬಿಡಲಾಯಿತು. ಆ ಸಂಘದ ದಾಖಲೆಗಳು ಇಂದಿಗೂ ಅದೇ ಗ್ರಂಥಾಲಯದಲ್ಲಿವೆ.

ಪುಸ್ತಕದಲ್ಲಿ ಕಂಡದ್ದಾಯಿತು. ವಸ್ತುವನ್ನು ಕಣ್ಣಾರೆ ನೋಡದೆ ಆಕೆಗೆ ಸಮಾಧಾನವಿಲ್ಲ. ಒಂದು ಭಾನುವಾರ ಮಗನು ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಾರ್ಲಾಸ್ಟನ್ ಎಂಬ ಹಳ್ಳಿಗೆ ಕರೆದುಕೊಂಡು ಹೋದನು. ಸ್ಟೋಕ್ ನಗರಕ್ಕೆ ಸಮೀಪದ ಆ ಹಳ್ಳಿಯಲ್ಲಿ ವೆಜ್‌ವುಡ್ ಸಂಗ್ರಹಾಲಯವಿದೆ. 2014ರಲ್ಲಿ ಆ ಸಂಗ್ರಹವೆಲ್ಲ ಹರಾಜಿನಲ್ಲಿ ಚದುರಿಹೋಗುವ ಪ್ರಸಂಗ ಬಂದಾಗ, ಸಾರ್ವಜನಿಕರೂ ಸಂಸ್ಥೆಗಳೂ ಹಣ ಕೂಡಿಸಿ ಅದನ್ನು ರಾಷ್ಟ್ರಕ್ಕೆ ಉಳಿಸಿಕೊಟ್ಟರು.

ಬಿಲ್ಲೆ ಅಷ್ಟು ಚಿಕ್ಕದೆಂದು ಆಕೆ ಎಣಿಸಿರಲಿಲ್ಲ. ಉದ್ದ ಮೂರು ಸೆಂಟಿಮೀಟರಿನಷ್ಟು. ಹುಣಿಸೆಯ ಎರಡು ಬೀಜಗಳನ್ನು ಜೋಡಿಸಿಟ್ಟರೆ ಅದನ್ನು ಮುಚ್ಚಬಹುದು. ಅಷ್ಟು ಕಿರಿದಾದ ನೆಲದಲ್ಲಿ ಭುಜದ ಸ್ನಾಯುಗಳು, ಬೆನ್ನಿನ ಬಾಗು, ಸರಪಳಿಯ ಒಂದೊಂದು ಕೊಂಡಿಯೂ ಬೇರೆ ಬೇರೆಯಾಗಿ ಎದ್ದು ಕಾಣುತ್ತಿದ್ದವು. ಹಿಟ್ಟಿನಷ್ಟು ಮೆತ್ತಗಿದ್ದ ಮಣ್ಣಿನಲ್ಲಿ, ಕೂದಲೆಳೆಯಂತಹ ಆ ಸರಪಳಿಯನ್ನು ಅಚ್ಚಿನಿಂದ ಮುರಿಯದಂತೆ ಬಿಡಿಸಿದ ಕೈ ಯಾರದೋ! ಎಟ್ರೂರಿಯಾದ ಕಾರ್ಖಾನೆಯಲ್ಲಿ ಕೂಲಿಗೆ ದುಡಿಯುತ್ತಿದ್ದ ಆ ಕೆಲಸಗಾರರ ಹೆಸರನ್ನು ಬಿಲ್ಲೆಯ ಮೇಲೆ ಬರೆಯುವ ಪದ್ಧತಿ ಇರಲಿಲ್ಲ. ಉಪಾಧ್ಯಾಯಿನಿ ಗಾಜಿಗೆ ಮೂಗು ತಾಗುವಷ್ಟು ಬಾಗಿ ಬಹಳ ಹೊತ್ತು ನಿಂತರು.

ಪಕ್ಕದಲ್ಲಿದ್ದ ಎಂಟು ವರ್ಷದ ಮೊಮ್ಮಗಳು, “ಅಜ್ಜಿ, ಇವನು ಯಾಕೆ ಎದ್ದು ನಿಂತುಕೊಳ್ಳುವುದಿಲ್ಲ?” ಎಂದು ಕೇಳಿದಳು.

“ಕಾಲಿಗೆ ಸರಪಳಿ ಇದೆಯಲ್ಲ, ಮರಿ.”

“ಸರಪಳಿ ಇದ್ದರೂ ನಿಲ್ಲಬಹುದು” ಎಂದಳು ಹುಡುಗಿ.

ಮಗುವಿನ ಮಾತು ಸಣ್ಣದಲ್ಲ. ಬಿಲ್ಲೆಯನ್ನು ಮಾಡಿದವರ ಹೃದಯ ಒಳ್ಳೆಯದು; ಆದರೆ ಅವರ ಕಣ್ಣಿಗೆ ಆಫ್ರಿಕದವನು ಬೇಡುವವನಾಗಿ ಮಾತ್ರ ಕಂಡನು. ಕೊಡುವವನು ಎತ್ತರದಲ್ಲಿ, ಬೇಡುವವನು ಕೆಳಗೆ. ಸೋದರನೇ ಆಗಿದ್ದರೆ ಮಂಡಿಯೂರಬೇಕಾದುದೇಕೆ? ವಾಸ್ತವದಲ್ಲಿ ಅವರು ಎದ್ದು ನಿಂತೂ ಇದ್ದರು. ಬಿಲ್ಲೆ ಹೊರಬಂದ ನಾಲ್ಕೇ ವರ್ಷಕ್ಕೆ, 1791ರಲ್ಲಿ, ಫ್ರೆಂಚರ ಸೇಂಟ್ ಡೊಮಿಂಗೊ ದ್ವೀಪದ ಗುಲಾಮರು ದಂಗೆಯೆದ್ದು, ಹದಿಮೂರು ವರ್ಷ ಹೋರಾಡಿ, 1804ರಲ್ಲಿ ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನೇ ಸ್ಥಾಪಿಸಿಕೊಂಡರು. ಗುಲಾಮಗಿರಿಯಿಂದ ಹಣ ಕೊಟ್ಟು ಬಿಡುಗಡೆ ಪಡೆದ ಒಲಾಡಾ ಎಕ್ವಿಯಾನೊ ಎಂಬವನು 1789ರಲ್ಲಿ ತನ್ನ ಆತ್ಮಚರಿತ್ರೆಯನ್ನು ಪ್ರಕಟಿಸಿ, ಊರೂರು ತಿರುಗಿ ಜನರ ಮುಂದೆ ತಾನೇ ಮಾತನಾಡಿದನು. 1831ರ ಕ್ರಿಸ್‌ಮಸ್ ಸಮಯದಲ್ಲಿ ಜಮೈಕದ ಗುಲಾಮರು ಸ್ಯಾಮ್ಯುಯೆಲ್ ಷಾರ್ಪ್ ಎಂಬವನ ಮುಂದಾಳುತನದಲ್ಲಿ ಕೆಲಸ ನಿಲ್ಲಿಸಿ ಎದ್ದರು. ಅವನನ್ನು ಮರುವರ್ಷ ಗಲ್ಲಿಗೇರಿಸಿದರು. ಇವರಾರಿಗೂ ಜಾಸ್ಪರ್ ಮಣ್ಣಿನ ಬಿಲ್ಲೆ ಸಿಕ್ಕಲಿಲ್ಲ.

ಬ್ರಿಟಿಷ್ ಪಾರ್ಲಿಮೆಂಟು 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದನ್ನು ನೋಡಲು ವೆಜ್‌ವುಡ್ ಬದುಕಿರಲಿಲ್ಲ, 1795ರಲ್ಲಿಯೇ ತೀರಿಕೊಂಡಿದ್ದನು. ಗುಲಾಮಗಿರಿಯನ್ನೇ ತೆಗೆಯುವ ಕಾನೂನಿಗೆ 1833ರವರೆಗೆ ಕಾಯಬೇಕಾಯಿತು. ಆಗ ಸರಕಾರವು 2 ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿತು. ಪರಿಹಾರ ಗುಲಾಮರಿಗಲ್ಲ, ಅವರನ್ನು ಇಟ್ಟುಕೊಂಡಿದ್ದ ಯಜಮಾನರಿಗೆ!

ಇಲ್ಲಿಗೆ ಬಿಲ್ಲೆಯ ಶೋಧ ಮುಗಿಯಬೇಕಾಗಿತ್ತು. ಆದರೆ ಆಕೆ ಊರಿಗೆ ಹೊರಡುವ ಮುನ್ನ ಇನ್ನೊಮ್ಮೆ ಗ್ರಂಥಾಲಯಕ್ಕೆ ಹೋದಾಗ, ಆ ಸಹಾಯಕಿ ಮತ್ತೊಂದು ಚಿತ್ರವನ್ನು ತೋರಿಸಿದಳು. ಅದು ಸಕ್ಕರೆಯ ಬಟ್ಟಲು. 1791ರ ಸುಮಾರಿಗೆ ಇಂಗ್ಲೆಂಡಿನ ಅನೇಕ ಮನೆಗಳಲ್ಲಿ, ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಬಿಟ್ಟುಬಿಡುವ ವ್ರತವು ಮೊದಲಾಗಿತ್ತು. 1820ರ ದಶಕದಲ್ಲಿ ಹೆಂಗಸರ ಸಂಘಗಳು ಅದನ್ನು ಮತ್ತೆ ಎತ್ತಿಕೊಂಡವು. ವ್ರತ ಹಿಡಿದವರು ಮೇಜಿನ ಮೇಲಿಡಲೆಂದು ಬಗೆಬಗೆಯ ಬಟ್ಟಲುಗಳು ತಯಾರಾದವು. ಅವುಗಳ ಮೈಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ, ಇದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಎಂದು ಬರೆದಿರುತ್ತಿತ್ತು. ಆರು ಮನೆಗಳವರು ಈ ಸಕ್ಕರೆಯನ್ನು ಬಳಸಿದರೆ ಒಬ್ಬ ಗುಲಾಮನ ಅವಶ್ಯಕತೆ ತಪ್ಪುತ್ತದೆಂಬ ಲೆಕ್ಕವನ್ನೂ ಕೆಲವು ಬಟ್ಟಲುಗಳ ಮೇಲೆ ಬರೆದಿದ್ದರು. ಈಸ್ಟ್ ಇಂಡಿಯಾ ಎಂದರೆ ನಮ್ಮ ದೇಶ.

ಸಹಾಯಕಿ ಇದನ್ನು ಸಂತೋಷದಿಂದಲೇ ತೋರಿಸಿದಳು. ಭಾರತದಿಂದ ಬಂದ ಹಿರಿಯರಿಗೆ ಇದು ಹೆಮ್ಮೆಯನ್ನು ತಂದೀತೆಂದು ಅವಳ ಭಾವನೆ. ಉಪಾಧ್ಯಾಯಿನಿ ಚಿತ್ರವನ್ನು ನೋಡುತ್ತ, “ನಮ್ಮಲ್ಲಿ ಗುಲಾಮರಿರಲಿಲ್ಲವೆಂದು ಇವರಿಗೆ ಯಾರು ಹೇಳಿದರು?” ಎಂದು ಕೇಳಿದರು. ಹುಡುಗಿಗೆ ಉತ್ತರ ತೋಚಲಿಲ್ಲ.

ಕೇಳಬೇಕಾದ ಪ್ರಶ್ನೆಯೇ ಅದು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800 ಮತ್ತು 1801ರಲ್ಲಿ ಕಂಪನಿ ಸರಕಾರದ ಆಜ್ಞೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಕಂಡುದನ್ನೆಲ್ಲ ಬರೆದಿಟ್ಟನು. ಕರಾವಳಿಯ ಗದ್ದೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಡೆಯನಿಗೆ ಕಟ್ಟುಬಿದ್ದು ದುಡಿಯುವ ಆಳುಗಳನ್ನು ಅವನು ಕಂಡನು. ಅವರಿಗೆ ಅಳೆದುಕೊಡುತ್ತಿದ್ದ ಭತ್ತದ ಪ್ರಮಾಣವನ್ನೂ, ಅವರನ್ನು ಮಾರುವ, ಬಾಡಿಗೆಗೆ ಕೊಡುವ ಕ್ರಮವನ್ನೂ ದಾಖಲಿಸಿದನು. ಆ ಪುಸ್ತಕವು ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾದುದು 1807ರಲ್ಲಿ. ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ವರ್ಷವೂ ಅದೇ. 1833ರ ಕಾನೂನು ಬಂದಾಗ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಅದರಿಂದ ಹೊರಗಿಡಲಾಯಿತು. ನ್ಯಾಯಾಲಯಗಳು ಗುಲಾಮಗಿರಿಯನ್ನು ಮಾನ್ಯ ಮಾಡಬಾರದೆಂದು ನಮ್ಮ ದೇಶದಲ್ಲಿ ಕಾಯಿದೆಯಾದುದು 1843ರಲ್ಲಿ. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವೆಂದು ಬರೆದುದು 1860ರ ದಂಡಸಂಹಿತೆಯಲ್ಲಿ. ಸಾಲಕ್ಕಾಗಿ ಜೀತ ಮಾಡಿಸುವ ಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆಗೆ 1976ರವರೆಗೆ ಕಾಯಬೇಕಾಯಿತು. ಲಂಡನ್ನಿನ ಬಟ್ಟಲಿಗೆ ಚಿನ್ನದ ಅಕ್ಷರ ಬರೆದವನಿಗೆ ಸಾವಿರಾರು ಮೈಲಿ ದೂರದ ಜಮೈಕದ ಸರಪಳಿ ಕಂಡಿತು. ಅದಕ್ಕೂ ದೂರದ ಇನ್ನೊಂದು ಸರಪಳಿ ಕಾಣಲಿಲ್ಲ. ಅದಕ್ಕೆ ಕಬ್ಬಿಣದ ಕೊಂಡಿಗಳಿರಲಿಲ್ಲ.

ಊರಿಗೆ ಮರಳಿದ ಮೇಲೆ ಉಪಾಧ್ಯಾಯಿನಿ ತಮ್ಮ ಶಾಲೆಯಲ್ಲಿ ಚರಿತ್ರೆಯನ್ನು ಕಲಿಸುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬರಿಗೆ ಪತ್ರ ಬರೆದು, ಬುಕಾನನ್ನನ ಮೂರನೆಯ ಸಂಪುಟದಲ್ಲಿ ಕರಾವಳಿಯ ಆಳುಗಳ ವಿಷಯವಿರುವ ಪುಟಗಳನ್ನು ಪ್ರತಿ ಮಾಡಿಸಿ ಕಳುಹಿಸುವಂತೆ ಕೇಳಿದರು. ಮೂರು ವಾರಗಳ ಮೇಲೆ ಪುಟಗಳು ಬಂದವು. ಆಕೆ ಅವನ್ನು ಎರಡು ಬಾರಿ ಓದಿದರು. ಬಳಿಕ ಒಂದು ಹೊಸ ಹಾಳೆಯನ್ನು ತೆಗೆದುಕೊಂಡು, ಮೂರು ಸೆಂಟಿಮೀಟರಿನ ಮೊಟ್ಟೆಯಾಕಾರವೊಂದನ್ನು ಬರೆದರು. ಗದ್ದೆಯ ಬದು, ಮೊರ, ಅಳೆದು ಹಾಕಿದ ಭತ್ತ, ಇಷ್ಟನ್ನು ಅದರೊಳಗೆ ಸಣ್ಣದಾಗಿ ಮೂಡಿಸಿದರು. ಆಳನ್ನು ಕೂರಿಸಿ ಒಮ್ಮೆ ಬರೆದು ಅಳಿಸಿದರು. ನಿಲ್ಲಿಸಿ ಬರೆಯುವ ಕೆಲಸ ಇನ್ನೂ ನಡೆದಿದೆ.